ನಾನು ಕೊಡಗಿನಲ್ಲಿದ್ದ ಮೂರು ತಿಂಗಳು

ಆ ವರ್ಷ ಕಾಫಿ ಹಣ್ಣಿನ ಕಾಲದಲ್ಲಿ ನಾನು ಮೂರು ತಿಂಗಳು ಕೊಡಗಿನಲ್ಲಿದ್ದೆ ಎಂದು ಸಕಲೇಶಪುರದ ಸುತ್ತಮುತ್ತಲಿನ ಕೆಲವು ತೋಟದವರು ಇವತ್ತಿಗೂ ನಂಬಿದ್ದಾರೆ. ಹೆತ್ತೂರಿನ ಕಡೆಯ ಒಬ್ಬರಂತೂ ನಾನು ಅಲ್ಲಿ ಎಂಟು ಪಲ್ಪರ್ ಬಿಚ್ಚಿ ಜೋಡಿಸಿದ ಕಥೆಯನ್ನು ನನಗೇ ಹೇಳಿದ್ದಾರೆ. ನಿಜವಾಗಿ ನಾನು ಆಲೂರಿನ ಆಚೆ ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಕಂಬಳಿ ಹೊದ್ದು ಮಲಗಿದ್ದೆ. ಮಡಿಕೇರಿಯನ್ನು ನಾನು ನೋಡಿದ್ದು ಒಂದೇ ಸಲ, ಏಳನೇ ತರಗತಿಯ ಪ್ರವಾಸದಲ್ಲಿ. ಆಗಲೂ ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಅರ್ಧ ಊರು ನೋಡಲಿಲ್ಲ.

ನನ್ನದು ಪಲ್ಪರ್ ರಿಪೇರಿ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರಕ್ಕೆ ನಮ್ಮಲ್ಲಿ ಪಲ್ಪರ್ ಅನ್ನುತ್ತಾರೆ. ಐಟಿಐ ಮುಗಿಸಿ, ಒಬ್ಬ ಹಿರಿಯರ ಕೈಕೆಳಗೆ ನಾಲ್ಕು ವರ್ಷ ಸ್ಪ್ಯಾನರ್ ಹಿಡಿದು, ಆಮೇಲೆ ಸ್ವಂತ ಬೈಕು, ಸ್ವಂತ ಪೆಟ್ಟಿಗೆ ಎಂದು ಹೊರಟವನು ನಾನು. ಅಂಗಡಿಯಿಲ್ಲ, ಬೋರ್ಡಿಲ್ಲ. ಫೋನು ಬಂದ ಕಡೆ ಹೋಗುವುದು. ಮಾರನಹಳ್ಳಿಯಿಂದ ಯಸಳೂರಿನವರೆಗೆ ಯಾವ ತೋಟದ ಪಲ್ಪರ್‌ನಲ್ಲಿ ಯಾವ ಬೇರಿಂಗ್ ಯಾವಾಗ ಅರಚುತ್ತದೆ ಎಂಬುದು ನನಗೆ ಬಾಯಿಪಾಠ. ಮಾಲೀಕನೂ ನಾನೇ, ಕೂಲಿಯವನೂ ನಾನೇ. ರಜ ಬೇಕೆಂದರೆ ನನ್ನನ್ನೇ ಕೇಳಬೇಕು, ನಾನು ಕೊಡುವವನಲ್ಲ.

ಈ ಕಸುಬಿನ ಕಷ್ಟ ಏನೆಂದರೆ, ಕೊಯ್ದ ಹಣ್ಣು ಅವತ್ತೇ ಪಲ್ಪರ್‌ಗೆ ಬೀಳಬೇಕು. ಇಟ್ಟರೆ ಹುಳಿ ಹಿಡಿಯುತ್ತದೆ, ಕಾಫಿಗೆ ಬೆಲೆ ಸಿಗುವುದಿಲ್ಲ. ಹಾಗಾಗಿ ನವೆಂಬರಿನಿಂದ ಜನವರಿಯವರೆಗೆ ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ಯಾವ ರೈಟರೂ ಮೆಕ್ಯಾನಿಕ್‌ಗಾಗಿ ಕಾಯುವುದಿಲ್ಲ. ಹುಷಾರಿಲ್ಲ ಎಂದರೆ 'ಅಯ್ಯೋ ಪಾಪ' ಅನ್ನುತ್ತಾರೆ. ಅದೇ ಕೈಯಲ್ಲಿ ಫೋನಿಟ್ಟು ಇನ್ನೊಬ್ಬನಿಗೆ ಮಾಡುತ್ತಾರೆ. ಮುಂದಿನ ವರ್ಷವೂ ಅವನಿಗೇ ಮಾಡುತ್ತಾರೆ. ನನಗಿದು ಚೆನ್ನಾಗಿ ಗೊತ್ತು, ಏಕೆಂದರೆ ನನಗೆ ಕೆಲಸ ಕಲಿಸಿದ ಹಿರಿಯರ ಸೊಂಟ ಹಿಡಿದುಕೊಂಡ ವರ್ಷವೇ ಅವರ ಆರು ತೋಟ ನನ್ನ ಕೈಗೆ ಬಂದದ್ದು. ಅವರು ಎದ್ದು ಓಡಾಡುವಂತಾದ ಮೇಲೆ ನಾನು ಒಂದನ್ನೂ ವಾಪಸು ಕೊಡಲಿಲ್ಲ.

ಹೆಂಡತಿ ಬಿಟ್ಟು ಹೋಗಿ ಆಗ ಐದು ವರ್ಷವಾಗಿತ್ತು. ಬಿಟ್ಟು ಹೋದಳು ಎನ್ನುವುದು ನಾನು ಹೇಳುವ ರೀತಿ. ಅವಳನ್ನು ಕೇಳಿದರೆ ಬೇರೆ ಹೇಳುತ್ತಾಳೆ. ಸಿಟ್ಟು ನನ್ನದು, ಹಠ ಇಬ್ಬರದ್ದೂ. ಮಗಳನ್ನು ಕರೆದುಕೊಂಡು ಯಸಳೂರಿನ ತವರಿಗೆ ಹೋದವಳು ಅಲ್ಲೇ ಬ್ಲೌಸು ಹೊಲಿಯುತ್ತ ಉಳಿದಳು. ಮಗಳಿಗೆಂದು ತಿಂಗಳಿಗೆ ಇಷ್ಟು ಜೀವನಾಂಶ ಕೊಡಬೇಕು, ಐದನೇ ತಾರೀಖಿನೊಳಗೆ ಅವಳ ಖಾತೆಗೆ ಹಾಕಬೇಕು ಎಂದು ಕೋರ್ಟು ಆದೇಶ ಮಾಡಿತು. ಕೆಲಸವಿಲ್ಲದ ಮಳೆಗಾಲದಲ್ಲೂ ನಾನು ಹಾಕುತ್ತಿದ್ದೆ. ದೊಡ್ಡ ಮನುಷ್ಯನೆಂದಲ್ಲ, ಭಾನುವಾರಗಳಿಗೋಸ್ಕರ. ಪ್ರತಿ ಭಾನುವಾರ ಬೆಳಗಿನ ಬಸ್ಸಿಗೆ ಮಗಳು ಸಕಲೇಶಪುರಕ್ಕೆ ಬರುತ್ತಿದ್ದಳು, ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು. ದುಡ್ಡು ನಿಂತರೆ ಭಾನುವಾರವೂ ನಿಂತುಹೋಗುತ್ತದೆ ಎಂದು ನನಗೆ ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಹಾಗೆಂದು ಆದೇಶದಲ್ಲಿ ಇರಲಿಲ್ಲ, ಅವಳೂ ಎಂದೂ ಹೇಳಿರಲಿಲ್ಲ. ಕಳೆದುಕೊಳ್ಳಲು ನಾನು ಹೆದರುತ್ತಿದ್ದದ್ದು ಆ ಒಂದು ದಿನವನ್ನು ಮಾತ್ರ.

ಮಗಳಿಗೆ ಹದಿಮೂರು ತುಂಬಿತ್ತು. ಬಸ್ಸಿಳಿದ ಕೂಡಲೇ ಹೋಟೆಲ್ಲಿಗೆ ಹೋಗಿ ಮಸಾಲೆ ದೋಸೆ ತಿನ್ನುತ್ತಿದ್ದೆವು. ತನ್ನದು ಮುಗಿಸಿ ನನ್ನ ದೋಸೆಯ ಗರಿಗರಿ ಅಂಚನ್ನು ಮುರಿದುಕೊಳ್ಳುವುದು ಅವಳ ಹಕ್ಕು. ಆಮೇಲೆ ಬೈಕು ಹತ್ತಿ ಎಲ್ಲಾದರೂ ಒಂದು ಸುತ್ತು. ಒಮ್ಮೊಮ್ಮೆ ತುರ್ತು ಕೆಲಸ ಬಂದರೆ ಅವಳನ್ನೂ ತೋಟಕ್ಕೆ ಕರೆದೊಯ್ಯುತ್ತಿದ್ದೆ. ಕಣದ ಅಂಚಿನಲ್ಲಿ ಕುಳಿತು ಶಾಲೆಯ ಕಥೆಗಳನ್ನು ಹೇಳುವಳು. ನಾನು ಪಲ್ಪರ್ ಕೆಳಗಿನಿಂದಲೇ ಹೂಂ ಅನ್ನುತ್ತಿದ್ದೆ. ಕೇಳಿಸಿಕೊಳ್ಳುತ್ತಿಲ್ಲವೆಂದು ಗೊತ್ತಾದರೆ ಕಥೆಯ ನಡುವೆ ಹೆಡ್‌ಮಾಸ್ತರಿಗೆ ಕೊಂಬು ಬಂತು ಎಂದು ಸೇರಿಸಿ ನನ್ನನ್ನು ಪರೀಕ್ಷೆ ಮಾಡುತ್ತಿದ್ದಳು. ಅದಕ್ಕೂ ನಾನು ಹೂಂ ಅಂದದ್ದುಂಟು.

ಗಣೇಶನ ಹಬ್ಬ ಕಳೆದ ಮೇಲೆ ಕೆಮ್ಮು ಶುರುವಾಯಿತು. ಚಳಿಗೆ ಅಂದುಕೊಂಡೆ. ಗ್ರೀಸಿನ ವಾಸನೆಗೆ ಅಂದುಕೊಂಡೆ. ಹಣ್ಣಿನ ಕಾಲ ಹತ್ತಿರ ಬಂದಾಗ ಕೆಮ್ಮುವುದಕ್ಕೂ ಪುರುಸೊತ್ತಿರುವುದಿಲ್ಲ, ಕೆಮ್ಮುತ್ತಲೇ ಕೆಲಸ ಮಾಡಿದೆ. ನವೆಂಬರಿನ ಮೊದಲ ವಾರ ಒಂದು ತೋಟದಲ್ಲಿ ಪಲ್ಪರಿನ ಮುಚ್ಚಳ ಎತ್ತಲು ಹೋದವನಿಗೆ ಎತ್ತಲಾಗಲಿಲ್ಲ. ದಿನಾ ಒಂದೇ ಕೈಯಲ್ಲಿ ಎತ್ತುತ್ತಿದ್ದ ಮುಚ್ಚಳ. ಕೂತೆ. ಬೆವರು ಸುರಿಯಿತು. ಪ್ಯಾಂಟು ಸಡಿಲವಾಗಿ ಬೆಲ್ಟಿನಲ್ಲಿ ಹೊಸ ತೂತು ಹೊಡೆದದ್ದು ಆಗ ನೆನಪಾಯಿತು. ಅಕ್ಕನಿಗೆ ಫೋನು ಮಾಡಿದೆ. ಆಲೂರಿನ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿದರು. ಟಿಬಿ.

ಆರು ತಿಂಗಳು ಗುಳಿಗೆ, ಒಂದು ದಿನವೂ ತಪ್ಪಿಸಬಾರದು, ಭಾರ ಎತ್ತಬಾರದು, ಚೆನ್ನಾಗಿ ತಿನ್ನಬೇಕು ಎಂದರು. ವಾಸಿಯಾಗುತ್ತದೆ ಎಂದೂ ಹೇಳಿದರು. ನನ್ನ ಕಿವಿಗೆ ಆರು ತಿಂಗಳು ಎಂಬುದಷ್ಟೇ ಬಿತ್ತು. ಹಣ್ಣಿನ ಕಾಲ ಪೂರ್ತಿ ಹೋಯಿತು. ಅದಾದ ಮೇಲೆ ಬರುವ ಸ್ಪ್ರಿಂಕ್ಲರ್ ಪಂಪುಗಳ ಕೆಲಸವೂ ಹೋಯಿತು. ವರ್ಷದ ದುಡಿಮೆ ಇರುವುದೇ ಆ ಆರು ತಿಂಗಳಲ್ಲಿ.

ಆಸ್ಪತ್ರೆಯಿಂದ ಹೊರಗೆ ಬರುವಷ್ಟರಲ್ಲಿ ಫೋನು ಬಡಿದುಕೊಂಡಿತು. ಯಸಳೂರಿನ ಕಡೆಯ ದೊಡ್ಡ ಎಸ್ಟೇಟಿನ ರೈಟರ್.

"ಎಲ್ಲಿದೀಯ ಮಾರಾಯ? ಹಣ್ಣು ರಾಶಿ ಬಿದ್ದೈತೆ, ಪಲ್ಪರ್ ಕಟಕಟ ಅಂತೈತೆ."

ಎಲ್ಲಿದ್ದೇನೆ ಎಂದು ಹೇಳಬೇಕಿತ್ತು. ಹೊಸ್ತಿಲಲ್ಲಿ ನಿಂತು ಯೋಚಿಸಿದೆ. ಮೂಡಿಗೆರೆ ಅಂದರೆ ಹತ್ತಿರ, ಸಂಜೆಗೆ ಬಂದುಬಿಡು ಅನ್ನುತ್ತಾನೆ. ಚಿಕ್ಕಮಗಳೂರು ಅಂದರೆ ಯಾವ ತೋಟ ಎಂದು ಕೇಳುತ್ತಾನೆ, ಅಲ್ಲಿ ಅವನ ಭಾವಮೈದುನನೇ ಇದ್ದಾನೆ. ಕೊಡಗು ಸರಿಯಾದ ದೂರ.

"ಕೊಡಗಲ್ಲಿದೀನಿ ಕಣಣ್ಣ," ಅಂದೆ. "ದೊಡ್ಡ ಎಸ್ಟೇಟ್, ಎಂಟು ಪಲ್ಪರ್ ಐತೆ. ಮುಗಿಯೋವರ್ಗೂ ಬಿಡಲ್ಲ ಅಂತಾವ್ರೆ."

ಆ ಕಡೆಯ ದನಿ ಬದಲಾಯಿತು. "ಓಹೋ, ಕೊಡಗ್ನೋರೇ ಕರೆಸ್ಕಂಡ್ರಾ? ನಡೀಲಪ್ಪ. ಬಂದ್ಮೇಲೆ ನಮ್ಮನ್ನ ಮರೀಬ್ಯಾಡ."

ಫೋನಿಟ್ಟ ಮೇಲೆ ನನಗೆ ನಗು ಬಂತು, ನಗುವಿನ ಹಿಂದೆಯೇ ಕೆಮ್ಮು ಬಂತು. ಹದಿನಾರು ವರ್ಷ ಅವನ ಪಲ್ಪರ್ ರಿಪೇರಿ ಮಾಡಿದ್ದೇನೆ, ಒಂದು ದಿನವೂ ಇಷ್ಟು ಮರ್ಯಾದೆಯಿಂದ ಮಾತಾಡಿರಲಿಲ್ಲ. ಅವತ್ತೇ ಫೋನಿನಲ್ಲಿದ್ದ ಹಳೆಯ ಪಲ್ಪರ್ ಫೋಟೊ ಒಂದನ್ನು ಹುಡುಕಿ 'ಕೊಡಗಿನಲ್ಲಿ ಕೆಲಸ ಜೋರು' ಎಂದು ಬರೆದು ವಾಟ್ಸ್ಯಾಪ್ ಸ್ಟೇಟಸ್ಸಿಗೆ ಹಾಕಿದೆ. ಎಲ್ಲ ರೈಟರುಗಳೂ ನೋಡಲಿ ಎಂದು. ಎಲ್ಲರೂ ನೋಡಿದರು. ಯಾರು ನೋಡಿದ್ದಾರೆಂದು ತೋರಿಸುವ ಪಟ್ಟಿಯಲ್ಲಿ ಸಂಜೆಯ ಹೊತ್ತಿಗೆ ಹೆಂಡತಿಯ ನಂಬರೂ ಇತ್ತು. ಅವಳು ನನ್ನ ಸ್ಟೇಟಸ್ಸು ನೋಡುವವಳಲ್ಲ. ಅವಳ ಫೋನು ಹಿಡಿದುಕೊಂಡು ನೋಡಿದ್ದು ಮಗಳೇ ಎಂದು ನನಗೆ ಗೊತ್ತಿತ್ತು.

ಮಗಳಿಗೆ ಅಂಟಬಾರದೆಂದು ಭಾನುವಾರ ಹೋಗುವುದನ್ನು ನಿಲ್ಲಿಸಿದೆ ಎಂದು ಅಕ್ಕನಿಗೆ ಹೇಳಿದೆ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಕೊಡಗಿನಲ್ಲಿರುವವನು ಸಕಲೇಶಪುರದ ಬಸ್‌ಸ್ಟ್ಯಾಂಡಿನಲ್ಲಿ ಕಾಣಿಸಿಕೊಳ್ಳುವುದು ಹೇಗೆ? ಮಗಳಿಗೂ ಅವಳಮ್ಮನ ಫೋನಿಗೆ ಕೊಡಗಿನ ಸುಳ್ಳನ್ನೇ ಮೆಸೇಜು ಮಾಡಿದೆ. 'ಕೊಡಗಲ್ಲಿ ಕೆಲಸ, ಬರಕ್ಕಾಗಲ್ಲ.' ಅವಳು ಒಂದು ಹೆಬ್ಬೆಟ್ಟಿನ ಚಿತ್ರ ಕಳಿಸಿದಳು. ಗುಳಿಗೆ ಶುರುವಾಗುವ ಮೊದಲಿನ ಭಾನುವಾರಗಳು ಆಗಾಗ ನೆನಪಾಗುತ್ತಿದ್ದವು. ನೆನಪಾದಾಗಲೆಲ್ಲ ಮಗ್ಗುಲು ಬದಲಿಸುತ್ತಿದ್ದೆ.

ಸುಮ್ಮನೆ ಮಲಗುವುದು ನನ್ನಿಂದ ಆಗದ ಕೆಲಸ. ಎರಡು ಹೆಜ್ಜೆಗೆ ಉಸಿರು ಹತ್ತುತ್ತಿತ್ತು, ಆದರೂ ಏಳುವುದು, ಅಂಗಳಕ್ಕೆ ಹೋಗುವುದು, ಹಸುಗಳ ಮುಖ ನೋಡುವುದು, ವಾಪಸು ಬರುವುದು, ಫೋನು ತೆಗೆಯುವುದು. ಬೆಳಿಗ್ಗೆ ಒಂಬತ್ತಕ್ಕೆ ಈಗ ಯಾವ ತೋಟದಲ್ಲಿ ಯಾವ ಪಲ್ಪರ್ ಓಡುತ್ತಿರಬಹುದು ಎಂದು ಲೆಕ್ಕ ಹಾಕುವುದು. ಒಂದು ದಿನ ಅಕ್ಕನ ಮಿಕ್ಸಿಯನ್ನು ಬಿಚ್ಚಿಟ್ಟೆ. ಅದಕ್ಕೆ ಏನೂ ಆಗಿರಲಿಲ್ಲ. ಪೂರ್ತಿ ಬಿಚ್ಚಿದ ಮೇಲೆ ಸುಸ್ತಾಗಿ ಹಾಗೇ ಮಲಗಿದೆ. ಅಕ್ಕ ಮೂರು ದಿನ ಒರಳಿನಲ್ಲಿ ಕಾಯಿ ರುಬ್ಬಿದಳು.

"ಒಂದ್ ಕಡೆ ಕೂರೋ ಮಾರಾಯ," ಎಂದು ಬಯ್ಯುತ್ತಿದ್ದಳು. ಗಂಡ ಸತ್ತ ಮೇಲೆ ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕಿ ಬದುಕುವವಳು, ನನಗೆ ದಿನಾ ಎರಡು ಮೊಟ್ಟೆ ಬೇಯಿಸಿ ಕೊಡುತ್ತಿದ್ದಳು. "ಆಯಮ್ಮಂಗೆ ಒಂದು ಫೋನ್ ಮಾಡಿ ಹಿಂಗಾಗೈತೆ ಅಂತ ಹೇಳು. ಅವಳೇನು ಹುಲೀನಾ?"

ಹೇಳಲಿಲ್ಲ. ಹೆಂಡತಿಗೆ ಹೇಳಿದರೆ ಅವಳ ತವರಿಗೆ ಗೊತ್ತಾಗುತ್ತದೆ, ತವರಿಗೆ ಗೊತ್ತಾದರೆ ಯಸಳೂರಿನ ಅರ್ಧ ತೋಟಗಳಿಗೆ ಗೊತ್ತಾಗುತ್ತದೆ. ಟಿಬಿ ಬಂದವನನ್ನು ಯಾರು ಪಲ್ಪರ್ ಮನೆಗೆ ಸೇರಿಸುತ್ತಾರೆ? ಇದು ನನ್ನ ವಾದ. ಇಷ್ಟು ಚೆನ್ನಾಗಿ ವಾದ ಮಾಡುವವನು ವಕೀಲನಾಗಬೇಕಿತ್ತು ಎಂದು ಅಕ್ಕ ಎದ್ದು ಹೋದಳು.

ನವೆಂಬರಿನ ಐದನೇ ತಾರೀಖಿಗೆ ಕೈಯಲ್ಲಿದ್ದುದನ್ನೆಲ್ಲ ಬಳಿದು ಹಾಕಿದೆ. ಡಿಸೆಂಬರಿಗೆ ಹಾಕಲಾಗಲಿಲ್ಲ. ಜನವರಿಗೂ ಇಲ್ಲ, ಫೆಬ್ರವರಿಗೂ ಇಲ್ಲ. ಇಲ್ಲಿ ನಾನು ಮಾಡಿದ ದಡ್ಡತನವನ್ನು ಬರೆಯಲೇಬೇಕು. ನಮ್ಮ ಕಸುಬಿನಲ್ಲಿ ಯಾರೂ ತಿಂಗಳಿಗೆ ಸರಿಯಾಗಿ ಕೊಡುವುದಿಲ್ಲ. ಕಾಫಿ ಮಾರಿದ ಮೇಲೆ ಕೊಡುತ್ತೇನೆ ಅನ್ನುತ್ತಾರೆ, ಕೊಡುತ್ತಾರೆ. ನಾನು ಸ್ಪೇರ್ ಪಾರ್ಟ್ಸ್ ಅಂಗಡಿಯವನಿಗೂ ಹಾಗೇ ಕೊಡುವುದು. ಅದೇ ರೂಢಿಯಲ್ಲಿ ಜೀವನಾಂಶವನ್ನೂ ಅಂದುಕೊಂಡುಬಿಟ್ಟೆ. ಎದ್ದು ನಿಂತ ಮೇಲೆ ಎಲ್ಲ ಸೇರಿಸಿ ಕೊಟ್ಟರಾಯಿತು ಎಂದು. ಮಗಳು ಬೆಳಿಗ್ಗೆ ಎದ್ದು ತಿಂಡಿ ತಿನ್ನುವುದಕ್ಕೆ ಕಾಫಿ ಮಾರುವವರೆಗೆ ಕಾಯಲಾಗುವುದಿಲ್ಲ ಎಂಬುದು ನನಗೆ ಹೊಳೆಯಲಿಲ್ಲ.

ಫೆಬ್ರವರಿ ಕೊನೆಗೆ ಕೋರ್ಟಿನ ನೋಟಿಸು ಬಂತು. ಬಾಕಿ ವಸೂಲಿಗೆ ಅವಳು ಅರ್ಜಿ ಹಾಕಿದ್ದಳು. ಕಟ್ಟದಿದ್ದರೆ ವಾರಂಟು, ಜೈಲು ಎಂಬ ಮಾತೆಲ್ಲ ಅದರಲ್ಲಿ ಇತ್ತೋ, ನನ್ನ ಹೆದರಿಕೆಯೇ ಓದಿಕೊಂಡಿತೋ, ನೆನಪಿಲ್ಲ. ಸಕಲೇಶಪುರದ ವಕೀಲರೊಬ್ಬರ ಬಳಿ ಹೋದೆ. ಅವರು ನನ್ನ ಮಾತನ್ನೆಲ್ಲ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕಾಯಿಲೆ ಅಂತ ಗೊತ್ತಾದ ವಾರವೇ ಬರ್ಬೇಕಿತ್ತು ಕಣ್ರೀ. ದುಡಿಮೆ ನಿಂತೈತೆ, ಮೊತ್ತ ಇಳಿಸಿ ಅಂತ ಅರ್ಜಿ ಹಾಕ್ಬೋದಿತ್ತು. ನೀವು ಮಲಗಿದ್ರೆ ಆದೇಶ ಮಲಗಲ್ಲ. ಅದು ಬದಲಾಗೋವರ್ಗೂ ತಿಂಗಳು ತಿಂಗಳೂ ಬಾಕಿ ಏರ್ತಾನೇ ಇರುತ್ತೆ."

"ಈಗ ಹಾಕಿ ಸಾರ್."

"ಹಾಕಣ. ಆಸ್ಪತ್ರೆ ಕಾಗದ ಕೊಡಿ."

ನಾನು ಕುರ್ಚಿಯಲ್ಲಿ ಅತ್ತಿತ್ತ ಸರಿದೆ. "ಸಾರ್, ಬೇರೆ ಯಾವ್ದಾದ್ರೂ ಕಾಯಿಲೆ ಅಂತ ಹಾಕಕ್ಕಾಗಲ್ವಾ? ಸೊಂಟನೋವು ಅಂತ?"

ವಕೀಲರು ಕನ್ನಡಕ ಹಾಕಿಕೊಂಡು ನನ್ನನ್ನು ಚೆನ್ನಾಗಿ ನೋಡಿದರು. "ಇದು ಪಲ್ಪರ್ ಅಲ್ಲ, ಒಂದರ ಪಾರ್ಟು ಇನ್ನೊಂದಕ್ಕೆ ಹಾಕಕ್ಕೆ. ಇರೋದನ್ನ ಹೇಳಿ, ಇಲ್ಲ ಅಂದ್ರೆ ಎದ್ದೋಗಿ."

ಕಾಗದ ಕೊಡಲಿಲ್ಲ. ನಾಳೆ ತರುತ್ತೇನೆ ಎಂದು ಎದ್ದು ಬಂದೆ. ಹುಷಾರಿಲ್ಲದೆ ದುಡಿಮೆ ನಿಂತಿದೆ ಎಂದಷ್ಟೇ ಬರೆದು ಅವರು ಅರ್ಜಿ ಹಾಕಿದರು. ಯಾವ ಕಾಯಿಲೆ ಎಂಬುದು ಖಾಲಿ ಉಳಿಯಿತು. ಹದಿನೈದು ದಿನಕ್ಕೆ ಅವಳ ಕಡೆಯಿಂದ ಉತ್ತರ ಬಂತು. ವಕೀಲರು ಅದನ್ನು ನನ್ನ ಮುಂದೆ ತಳ್ಳಿದರು. ಅರ್ಜಿದಾರರು ಕಾಯಿಲೆ ಎಂದು ಸುಳ್ಳು ಹೇಳುತ್ತಿದ್ದಾರೆ, ಕೊಡಗಿನಲ್ಲಿ ಎಂಟು ಪಲ್ಪರ್‌ಗಳ ಕೆಲಸ ಹಿಡಿದು ಸಂಪಾದಿಸುತ್ತಿದ್ದಾರೆ ಎಂದು ಅದರಲ್ಲಿತ್ತು. ಜೊತೆಗೆ ನನ್ನ ಸ್ಟೇಟಸ್ಸಿನ ಫೋಟೊ ಪ್ರಿಂಟು. ಬೇಕಾದರೆ ಇಂಥ ಎಸ್ಟೇಟಿನ ರೈಟರ್ ಸಾಕ್ಷಿ ಹೇಳುತ್ತಾರೆ ಎಂದೂ ಇತ್ತು. ನಾನು ಕಟ್ಟಿದ ಸುಳ್ಳನ್ನೇ ನನ್ನ ಮುಂದೆ ಸಾಕ್ಷಿ ಮಾಡಿ ನಿಲ್ಲಿಸಿದ್ದರು. ಮೈಯೆಲ್ಲ ಉರಿಯಿತು. ಅವಳ ಮೇಲೆ ಅಲ್ಲ, ಆದರೆ ಆ ಹೊತ್ತಿಗೆ ಅವಳನ್ನೇ ಬಯ್ದೆ.

"ಏನ್ರೀ ಇದು ಕೊಡಗು?" ಎಂದರು ವಕೀಲರು.

ಹೇಳಿದೆ. ಅವರು ಬಹಳ ಹೊತ್ತು ನಗಲಿಲ್ಲ, ಆಮೇಲೆ ತಡೆಯಲಾಗದೆ ನಕ್ಕರು. ನಾನೂ ನಕ್ಕೆ. ಮರುದಿನ ಆಸ್ಪತ್ರೆಯ ಕಾಗದಗಳನ್ನೆಲ್ಲ ತಂದು ಕೊಟ್ಟೆ. ಬೇರೆ ದಾರಿ ಇರಲಿಲ್ಲ.

ಮುಂದಿನ ತಾರೀಖಿಗೆ ಕೋರ್ಟಿಗೆ ಹೋದಾಗ ನಾಲ್ಕು ತಿಂಗಳ ಗುಳಿಗೆ ನುಂಗಿ ಸ್ವಲ್ಪ ಮೈ ಹಿಡಿದಿದ್ದೆ. ಆದರೂ ಅಂಗಿಯ ಕಾಲರಿನಲ್ಲಿ ಕತ್ತು ಸಡಿಲವಾಗಿ ಅಲ್ಲಾಡುತ್ತಿತ್ತು. ಹೊರಗಿನ ಪಡಸಾಲೆಯಲ್ಲಿ ಅವಳು ತನ್ನ ವಕೀಲರ ಜೊತೆ ನಿಂತಿದ್ದಳು. ನಮ್ಮ ವಕೀಲರು ಕಾಗದಗಳ ಒಂದು ಪ್ರತಿಯನ್ನು ಅವರಿಗೆ ಕೊಟ್ಟರು. ಅವರು ತಿರುವಿ ಹಾಕಿ ಅವಳ ಕೈಗೆ ಕೊಟ್ಟರು. ಅವಳು ಓದಿದಳು. ನಾನು ಕಂಬದ ಪಕ್ಕ ನಿಂತು ಬಯ್ಗುಳಕ್ಕೆ ತಯಾರಾಗುತ್ತಿದ್ದೆ. ಸುಳ್ಳುಗಾರ ಅನ್ನುತ್ತಾಳೆ, ಆಗ ಏನು ಹೇಳಬೇಕು, ಕಳ್ಳ ಅನ್ನುತ್ತಾಳೆ, ಆಗ ಏನು, ಎಂದು ಒಂದೊಂದಕ್ಕೂ ಉತ್ತರ ಜೋಡಿಸಿಕೊಂಡಿದ್ದೆ. ಅವಳು ನೇರವಾಗಿ ನನ್ನ ಹತ್ತಿರ ಬಂದಳು.

"ಕೆಮ್ಮು ಯಾವಾಗಿಂದ ಇತ್ತು?"

"ನವೆಂಬರಲ್ಲಿ ಗೊತ್ತಾಯ್ತು," ಅಂದೆ.

"ಗೊತ್ತಾಗಿದ್ದಲ್ಲ ನಾನು ಕೇಳಿದ್ದು. ಕೆಮ್ಮು ಯಾವಾಗ ಶುರುವಾಯ್ತು?"

"ಗಣೇಶನ ಹಬ್ಬ ಆದ್ಮೇಲೆ."

ಅವಳು ಬೆರಳು ಮಡಿಸತೊಡಗಿದಳು. ತುಟಿ ಅಲ್ಲಾಡುತ್ತಿತ್ತು. ಏನು ಎಣಿಸುತ್ತಿದ್ದಾಳೆಂದು ನನಗೆ ತಕ್ಷಣ ಗೊತ್ತಾಯಿತು, ಏಕೆಂದರೆ ಅದನ್ನೇ ಎಣಿಸಬಾರದೆಂದು ನಾನು ನಾಲ್ಕು ತಿಂಗಳು ಹೊರಳಾಡಿದ್ದೆ.

"ಏಳು ಭಾನುವಾರ," ಅಂದಳು. "ಏಳು ಭಾನುವಾರ ನಿಮ್ ಬೆನ್ನಿಗೆ ಒರಗ್ಕೊಂಡು ಬೈಕಲ್ಲಿ ಕೂತೈತೆ ಮಗು. ನಿಮ್ ತಟ್ಟೇಲಿ ಕೈ ಹಾಕಿ ತಿಂದೈತೆ. ಈಗ ಮಾರ್ಚು."

"ನಾನು ಆಮೇಲೆ ಬರ್ಲೇ ಇಲ್ವಲ್ಲ."

"ಬರ್ಲಿಲ್ಲ. ಹೇಳ್ಲೂ ಇಲ್ಲ." ಅವಳ ದನಿ ಏರಲಿಲ್ಲ. ಏರಿದ್ದರೆ ನನಗೆ ಅನುಕೂಲವಾಗುತ್ತಿತ್ತು. "ನಂಗೂ ಜ್ವರ ಬರ್ತದೆ. ಜ್ವರ ಬಂದ್ರೂ ಮಿಷನ್ ತುಳೀತೀನಿ, ತುಳಿಯೋಕಾಗ್ದಿದ್ರೆ ಬಟ್ಟೆ ಕೊಟ್ಟೋರಿಗೆ ಆಗ್ಲಿಲ್ಲ ಕಣ್ರವ್ವ ಅಂತ ಹೇಳ್ತೀನಿ. ಅಷ್ಟು ಹೇಳಿದ್ರೆ ನಾಕು ತಿಂಗಳು ತಡ್ಕೊಳ್ತಿರ್ಲಿಲ್ವಾ ನಾನು? ದುಡ್ಡು ಕೊಡ್ಲಿಲ್ಲ ಅಂತ ಕೇಸು ಹಾಕ್ದೆ. ಇದನ್ನ ಹೇಳ್ಲಿಲ್ಲ ಅಂತ ಯಾವ ಕೇಸು ಹಾಕ್ಲಿ?"

ಕಾಗದಗಳನ್ನು ಮಡಿಸುತ್ತ, "ಆ ಫೋಟೊ ಫೋನಿಂದ ತೆಗೆದು ಕೊಟ್ಟಿದ್ದು ನಿಮ್ ಮಗಳೇ," ಅಂದಳು. "ನಾನು ಕೇಳಿರ್ಲಿಲ್ಲ."

ಒಳಗಿನಿಂದ ಕೂಗಿದರು. ಒಳಗೆ ನಡೆದದ್ದು ಹತ್ತು ನಿಮಿಷ. ಅವಳ ವಕೀಲರು ಕಾಯಿಲೆಯ ಬಗ್ಗೆ ತಕರಾರಿಲ್ಲ ಎಂದರು. ಕೆಲವು ತಿಂಗಳಿಗೆ ಮೊತ್ತ ಇಳಿಯಿತು, ಹಳೆಯ ಬಾಕಿಯನ್ನು ಕಂತಿನಲ್ಲಿ ಕಟ್ಟಬೇಕೆಂದಾಯಿತು. ನಾಲ್ಕು ತಿಂಗಳು ನಿದ್ದೆಗೆಡಿಸಿದ ವಿಷಯ ಹಾಗೆ ಮುಗಿದುಹೋಯಿತು, ನಾನು ಸರಿಯಾಗಿ ಕೇಳಿಸಿಕೊಳ್ಳಲೂ ಇಲ್ಲ. ಹೊರಗೆ ಬಂದ ಕೂಡಲೇ ಅವಳು ಕೇಳಿದಳು. "ಗುಳಿಗೆಗೆ ನಿಮ್ ಹೆಸರು ಎಲ್ಲಿ ಬರ್ಸಿದೀರ?"

"ಆಲೂರಲ್ಲಿ."

"ನಾಳೆ ಮಗೂನ ಅಲ್ಲಿಗೇ ಕರ್ಕೊಂಡ್ ಬರ್ತೀನಿ. ನೀವು ಇರ್ಬೇಕು."

ಮರುದಿನ ಬೆಳಿಗ್ಗೆ ಎಂಟಕ್ಕೇ ಆಲೂರಿನ ಆಸ್ಪತ್ರೆಯ ಗೇಟಿಗೆ ಹೋಗಿ ನಿಂತೆ. ಯಸಳೂರಿನಿಂದ ಸಕಲೇಶಪುರ, ಅಲ್ಲಿಂದ ಆಲೂರು, ಎರಡು ಬಸ್ಸು. ಹತ್ತೂವರೆಯವರೆಗೆ ಗೇಟಿನಿಂದ ರಸ್ತೆಗೆ, ರಸ್ತೆಯಿಂದ ಗೇಟಿಗೆ ನಡೆದೆ. ಬೇಕರಿಯವನು ಎರಡು ಸಲ ಏನು ಬೇಕೆಂದು ಕೇಳಿದ. ಕೊನೆಗೆ ಬಂದರು. ಮಗಳು ನಾಲ್ಕು ತಿಂಗಳಲ್ಲಿ ಅಮ್ಮನ ಕಿವಿಯವರೆಗೆ ಬೆಳೆದಿದ್ದಳು. ನನ್ನನ್ನು ನೋಡಿ ನಗಲೂ ಇಲ್ಲ, ಮುಖ ತಿರುಗಿಸಲೂ ಇಲ್ಲ. "ಕೆಮ್ಮು ಐತೇನವ್ವ?" ಎಂದೆ. "ಇಲ್ಲ," ಎಂದಳು.

ಟಿಬಿ ವಿಭಾಗದ ಮೇಡಂ ನನಗೆ ಪ್ರತಿ ತಿಂಗಳು ಗುಳಿಗೆ ಕೊಡುತ್ತಿದ್ದವರು. ಒಳ್ಳೆಯವರು, ತೂಕ ನೂರು ಗ್ರಾಂ ಹೆಚ್ಚಿದರೂ ಸಂತೋಷಪಡುತ್ತಿದ್ದರು. ವಿಷಯ ಕೇಳಿ ನನ್ನ ಕಾರ್ಡು ತೆಗೆದು ನೋಡಿದರು.

"ಮಗಳಾ? ಮೊದಲನೇ ದಿನ ನಾನು ಕೇಳಿದ್ನಲ್ಲ, ಮಕ್ಕಳು ಯಾರಾದ್ರೂ ನಿಮ್ಮ ಜೊತೆ ಓಡಾಡ್ತಾರಾ ಅಂತ. 'ನಂಗೆ ಮಕ್ಕಳಿಲ್ಲ' ಅಂದ್ರಿ. ಇಲ್ಲೇ ಬರ್ದಿದೀನಿ."

ಇದನ್ನು ನಾನು ಇಲ್ಲಿಯವರೆಗೆ ಬರೆಯದೆ ತಪ್ಪಿಸಿಕೊಂಡು ಬಂದೆ. ಕೊಡಗಿನ ಸುಳ್ಳಿಗೆ ನಗಬಹುದು, ನಾನೇ ನಕ್ಕಿದ್ದೇನೆ. ಇದಕ್ಕೆ ನಗಲು ಬರುವುದಿಲ್ಲ. ಮಕ್ಕಳಿದ್ದರೆ ಅವರನ್ನೂ ಪರೀಕ್ಷೆ ಮಾಡಬೇಕು ಎಂದು ಅವರು ಬಿಡಿಸಿ ಹೇಳಿದ್ದರು. ಇದ್ದಾಳೆ ಅಂದರೆ ಯಸಳೂರಿಗೆ ಯಾರಾದರೂ ಹೋಗುತ್ತಾರೆ, ಕೇಳುತ್ತಾರೆ, ಊರಿಗೆಲ್ಲ ಗೊತ್ತಾಗುತ್ತದೆ ಎಂದು ಲೆಕ್ಕ ಹಾಕಿದೆ. ಇಲ್ಲ ಅಂದೆ. ಹೇಳುವಾಗ ದನಿ ಕೂಡ ನಡುಗಲಿಲ್ಲ.

ಹೆಂಡತಿ ನನ್ನ ಕಡೆ ನೋಡಲಿಲ್ಲ. ಮಗಳು ನೋಡಿದಳು. ಮೇಡಂ ಮಾತು ಬದಲಿಸಿ ಅವಳನ್ನು ಎಕ್ಸ್‌ರೇಗೆ ಕಳಿಸಿದರು, ತೂಕ ನೋಡಿದರು, ಡಾಕ್ಟರಿಗೆ ತೋರಿಸಿದರು. ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ಕಾಯಿಲೆ ಇಲ್ಲ ಎಂದರು. ಮುಂದೆ ಬಾರದಂತೆ ಕೆಲವು ತಿಂಗಳು ಗುಳಿಗೆ ತೆಗೆದುಕೊಂಡರೆ ಸಾಕು ಎಂದರು. ನಾನು ಅಲ್ಲೇ ಬೆಂಚಿನ ಮೇಲೆ ಕೂತು ಅತ್ತೆ. ಎಷ್ಟು ತಡೆದರೂ ನಿಲ್ಲಲಿಲ್ಲ. ಅಕ್ಕಪಕ್ಕದವರು ಯಾರೋ ಸತ್ತಿರಬೇಕೆಂದು ಜಾಗ ಬಿಟ್ಟು ಸರಿದು ಕೂತರು.

ಬಸ್‌ಸ್ಟ್ಯಾಂಡಿನಲ್ಲಿ ಹೆಂಡತಿ ನೀರಿನ ಬಾಟ್ಲಿ ತರಲು ಅಂಗಡಿಗೆ ಹೋದಳು. ಬೇಕೆಂದೇ ಹೋದಳೋ ಏನೋ. ಮಗಳು ಗುಳಿಗೆಯ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು.

"ಮಕ್ಕಳಿಲ್ಲ ಅಂದ್ಯಾ?"

"ಹೂಂ."

"ಯಾಕೆ?"

"ಇದೀಯ ಅಂದ್ರೆ ನಿಮ್ಮೂರಿಗೆ ಬರ್ತಿದ್ರು. ನಂಗೆ ಈ ಕಾಯಿಲೆ ಅಂತ ಎಲ್ಲಾರ್ಗೂ ಗೊತ್ತಾಗ್ತಿತ್ತು. ಕೆಲಸ ಹೋಗ್ತಿತ್ತು."

"ನಂಗೆ ಕೆಮ್ಮು ಬಂದಿದ್ರೆ ಹೇಳ್ತಿದ್ಯಾ?"

ಹೇಳುತ್ತಿದ್ದೆ ಎನ್ನಲು ಬಾಯಿ ತೆರೆದೆ. ಆ ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿಯೇ ಇತ್ತು, ಕೊಡಗು ಇದ್ದ ಹಾಗೆ. "ಗೊತ್ತಿಲ್ಲ ಕಣವ್ವ," ಅಂದೆ.

ಅವಳು ತಲೆಯಾಡಿಸಿದಳು. ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ, ಆಗಲಿಲ್ಲ. ರಸ್ತೆಯ ಕಡೆ ನೋಡಿಕೊಂಡೇ ಹೇಳಿದಳು. "ನಾನು ಸಕಲೇಶಪುರಕ್ಕೆ ಬಂದಿದ್ದೆ. ಮೂರು ಭಾನುವಾರ."

"ಕೊಡಗಲ್ಲಿದೀನಿ ಅಂತ ಮೆಸೇಜ್ ಮಾಡಿದ್ನಲ್ಲ."

"ಮಾಡಿದ್ದೆ. ಭಾನುವಾರ ಒಂದಿನ ಕೆಲಸ ರಜ ಇರ್ತೈತೆ, ಬಂದ್ರೂ ಬರ್ತೀಯ ಅನ್ಕೊಂಡೆ. ಅಮ್ಮಂಗೆ ಫ್ರೆಂಡ್ ಮನೆ ಅಂತ ಹೇಳ್ಬುಟ್ಟು ಬಂದಿದ್ದೆ. ಸಂಜೆ ಬಸ್ಸಿನವರ್ಗೂ ಕೂತಿದ್ದೆ."

ಆ ಮೂರು ಭಾನುವಾರ ನಾನೇನು ಮಾಡುತ್ತಿದ್ದೆ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಒಂದು ದಿನ ಮಿಕ್ಸಿ ಬಿಚ್ಚುತ್ತಿದ್ದಿರಬೇಕು. ಏನಾದರೂ ಹೇಳಬೇಕೆಂದು ಅವಳ ಕಡೆ ತಿರುಗಿದೆ, ಅಷ್ಟರಲ್ಲಿ ಸಕಲೇಶಪುರದ ಬಸ್ಸು ಬಂತು. ಹೆಂಡತಿ ಆ ಕಡೆಯಿಂದ ಓಡಿ ಬಂದು ಹತ್ತಿ ಸೀಟು ಹಿಡಿದಳು, ಮಗಳನ್ನು ಕೂಗಿದಳು. ಮಗಳು ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟು ತಿರುಗಿ ನಿಂತಳು.

"ಭಾನುವಾರ ಬರೋದಾದ್ರೆ ಬಾ," ಅಂದಳು. "ಬರಕ್ಕಾಗ್ದಿದ್ರೆ ಆಗಲ್ಲ ಅಂತ ಹೇಳು. ಯಾಕೆ ಆಗಲ್ಲ ಅಂತಾನೂ ಹೇಳು. ಸುಮ್ನೆ ಕಾಯೋದು ಇನ್ಮೇಲೆ ನನ್ ಕೈಲಿ ಆಗಲ್ಲ ಅಪ್ಪ."

ಹಿಂದಿದ್ದವರು ದಾರಿ ಬಿಡಮ್ಮ ಎಂದರು. ಅವಳು ಒಳಗೆ ಹೋದಳು.